ಹೊಳೆ ದಾಟಿ ಬಂದ ಹಾಡು
ಶಿಶುನಾಳ ಶರೀಫ ಸಾಹೇಬರ ಬಾಳು

ಸಂಗೀತದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅರಮನೆಯ ಬಾಗಿಲಲ್ಲಿ ನಿಂತು ಬರೆಯುತ್ತಾರೆ. ಯಾವ ದೊರೆಯ ಆಸ್ಥಾನದಲ್ಲಿ ಯಾವ ವಿದ್ವಾಂಸರಿದ್ದರು, ಯಾರಿಗೆ ಯಾವ ಬಿರುದು ದೊರೆಯಿತು, ಯಾರ ಶಿಷ್ಯಪರಂಪರೆ ಎಲ್ಲಿಯವರೆಗೆ ಹಬ್ಬಿತು ಎಂಬುದನ್ನು ನಾವು ಇಸವಿಸಹಿತವಾಗಿ ಬಲ್ಲೆವು. ಹಳ್ಳಿಯ ಹಾಡಿನ ಮಾತು ಬಂದೊಡನೆ ಮಾತ್ರ, ಅದು ಗಾಳಿಯಂತೆ, ಮಳೆಯಂತೆ ತಾನಾಗಿ ಇರತಕ್ಕದ್ದು, ಅದಕ್ಕೆ ಹುಟ್ಟಿದ ದಿನವೂ ಇಲ್ಲ, ತಿರುವುಗಳೂ ಇಲ್ಲ ಎಂದು ಭಾವಿಸಿ ಸುಮ್ಮನಾಗುತ್ತೇವೆ. ಇದು ಸರಿಯಲ್ಲ. ಹಳ್ಳಿಯ ಹಾಡಿಗೂ ಗಳಿಗೆಗಳುಂಟು; ಒಬ್ಬ ಮನುಷ್ಯ ಒಂದು ನಿರ್ಧಾರ ಮಾಡಿದ್ದರಿಂದ ಮುಂದೆ ನೂರು ವರ್ಷಗಳ ಹಾಡಿನ ದಾರಿಯೇ ಬೇರೆಯಾದದ್ದುಂಟು.

ಅಮೆರಿಕದವರು ತಮ್ಮ ಹಳ್ಳಿಗಾಡಿನ ಸಂಗೀತಕ್ಕೆ ಇಂಥ ಒಂದು ಗಳಿಗೆಯನ್ನು ಗುರುತಿಸಿಟ್ಟುಕೊಂಡಿದ್ದಾರೆ. 1927ರ ಬೇಸಗೆಯಲ್ಲಿ ಟೆನೆಸಿ ಮತ್ತು ವರ್ಜೀನಿಯ ಸಂಸ್ಥಾನಗಳ ಗಡಿಯ ಮೇಲಿರುವ ಬ್ರಿಸ್ಟಲ್ ಎಂಬ ಊರಿಗೆ ರಾಲ್ಫ್ ಪೀರ್ ಎಂಬಾತ ಧ್ವನಿಮುದ್ರಣದ ಯಂತ್ರಗಳನ್ನು ಹೊತ್ತು ಬಂದ. ಸುತ್ತಲಿನ ಬೆಟ್ಟಗಳ ಹಾಡುಗಾರರನ್ನು ಕರೆದು ಹಾಡಿಸಿದ. ಕಾರ್ಟರ್ ಮನೆತನದವರೂ, ರೈಲ್ವೆಯಲ್ಲಿ ದುಡಿದು ಕ್ಷಯದಿಂದ ನರಳುತ್ತಿದ್ದ ಜಿಮ್ಮಿ ರಾಜರ್ಸ್ ಎಂಬ ಗಾಯಕನೂ ಆ ಕೆಲವೇ ದಿನಗಳಲ್ಲಿ ಲೋಕಕ್ಕೆ ಪರಿಚಯವಾದರು. ಅಂದಿನಿಂದ ಅಲ್ಲಿಯ ಹಳ್ಳಿಗಾಡಿನ ಹಾಡಿಗೆ ಒಂದು ಹೆಸರು, ಒಂದು ಮಾರುಕಟ್ಟೆ, ಒಂದು ಚರಿತ್ರೆ ಎಲ್ಲವೂ ಒದಗಿದವು.

ಕನ್ನಡ ನಾಡಿನ ಹಳ್ಳಿಯ ಹಾಡಿಗೆ ಅಂಥ ಗಳಿಗೆಗಳನ್ನು ಹುಡುಕಹೊರಟರೆ ನನ್ನ ದೃಷ್ಟಿ ಮೊದಲು ಹೋಗುವುದು ಶಿಶುನಾಳದ ಶರೀಫ ಸಾಹೇಬರ ಕಡೆಗೆ. ಆದರೆ ಇಲ್ಲಿ ಯಂತ್ರವಿಲ್ಲ. ಶರೀಫರು ತೀರಿಕೊಂಡದ್ದು 1889ರಲ್ಲಿ. ಗ್ರಾಮೊಫೋನ್ ಕಂಪನಿಯವರು ಕಲ್ಕತ್ತೆಗೆ ಬಂದು ಭಾರತದ ಗಾಯಕರ ದನಿಯನ್ನು ಮೊದಲು ತಟ್ಟೆಗೆ ಇಳಿಸಿಕೊಂಡದ್ದು 1902ರಲ್ಲಿ. ಈ ಹದಿಮೂರು ವರ್ಷಗಳ ಅಂತರದಿಂದಾಗಿ ಶರೀಫರ ಕಂಠವನ್ನು ನಾವು ಎಂದೆಂದಿಗೂ ಕೇಳಲಾರೆವು. ಅವರ ಹಾಡು ಉಳಿದದ್ದು ಬೇರೆಯವರ ಗಂಟಲಲ್ಲಿ. ಆದ್ದರಿಂದ ಆ ಬಾಳಿನ ಮುಖ್ಯ ಗಳಿಗೆಗಳನ್ನು ಒಂದೊಂದಾಗಿ ನೋಡುವುದೆಂದರೆ, ಕನ್ನಡದ ಹಳ್ಳಿಗಳು ಒಂದು ಹಾಡನ್ನು ಹೇಗೆ ಕಾಪಾಡಿಕೊಂಡವೆಂಬುದನ್ನು ನೋಡುವುದೇ ಆಗುತ್ತದೆ.

ಶರೀಫರು ಹುಟ್ಟಿದ್ದು 1819ರಲ್ಲಿ, ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಾಳದಲ್ಲಿ. ಅದಕ್ಕೆ ಹಿಂದಿನ ವರ್ಷವಷ್ಟೆ ಪೇಶ್ವೆಯ ಆಳ್ವಿಕೆ ಮುಗಿದು ಆ ಸೀಮೆ ಇಂಗ್ಲಿಷರ ಕೈಸೇರಿತ್ತು. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಬಡ ಮುಸಲ್ಮಾನ ಕುಟುಂಬ. ಹುಲಗೂರಿನ ಖಾದರಶಾ ವಲಿಯ ಅನುಗ್ರಹದಿಂದ ಈ ಮಗು ಹುಟ್ಟಿತೆಂಬುದು ಆ ಭಾಗದ ಜನರ ನಂಬುಗೆ. ಮನೆಯಲ್ಲಿ ಕುರಾನಿನ ಜೊತೆಗೆ ರಾಮಾಯಣ ಮಹಾಭಾರತಗಳ ಕಥೆಗಳೂ, ಅಲ್ಲಮಪ್ರಭುವಿನ ವಿಚಾರಗಳೂ ಹುಡುಗನ ಕಿವಿಗೆ ಬಿದ್ದುವೆಂದು ಹೇಳುತ್ತಾರೆ. ಇದರಲ್ಲಿ ಬೆರಗುಪಡಬೇಕಾದುದೇನೂ ಇಲ್ಲ. ಊರ ದೇವರು ಬಸವಣ್ಣ. ಪಕ್ಕದ ಊರಿನಲ್ಲಿ ದರ್ಗಾ. ನೆರೆಹೊರೆಯ ಮಠಗಳಲ್ಲಿ ಶಾಸ್ತ್ರಪುರಾಣ. ಮೊಹರಮ್ಮಿನಲ್ಲಿ ಅಲಾವಿಯ ಸುತ್ತ ಎಲ್ಲ ಜಾತಿಯವರ ಹೆಜ್ಜೆಮೇಳ. ಉತ್ತರ ಕರ್ನಾಟಕದ ಹಳ್ಳಿಯಲ್ಲಿ ಬೆಳೆಯುವ ಹುಡುಗನಿಗೆ ಇವೆಲ್ಲವೂ ಒಂದೇ ಅಂಗಳದ ಆಟಗಳು. ಬೆರಗು ಇರುವುದು, ದೊಡ್ಡವನಾದ ಮೇಲೂ ಆತ ಆ ಅಂಗಳವನ್ನು ಬಿಟ್ಟುಹೋಗದೆ ಉಳಿದನೆಂಬುದರಲ್ಲಿ.

ಹುಡುಗ ಓದಿನಲ್ಲಿ ಚುರುಕು. ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಕನ್ನಡ ಶಾಲೆಯ ಮಾಸ್ತರನಾದ. ಮುಂಬಯಿ ಪ್ರಾಂತದ ಕನ್ನಡ ಸೀಮೆಯಲ್ಲಿ ಮರಾಠಿಯ ಪ್ರಾಬಲ್ಯ ಬಹಳವಾಗಿದ್ದು, ಕನ್ನಡ ಶಾಲೆಗಳಿಗಾಗಿ ಡೆಪ್ಯುಟಿ ಚನ್ನಬಸಪ್ಪನಂತಹವರು ಹೆಣಗಬೇಕಾಗಿ ಬಂದ ಶತಮಾನವದು. ಅಂಥ ಕಾಲದಲ್ಲಿ ಹಳ್ಳಿಯ ಮುಸಲ್ಮಾನ ತರುಣನೊಬ್ಬ ಕನ್ನಡ ಅಕ್ಷರ ಕಲಿಸುವ ಕೆಲಸಕ್ಕೆ ನಿಂತನೆಂಬುದನ್ನು ನಾವು ಅಧ್ಯಾಪಕರು ನೆನೆಯತಕ್ಕದ್ದು. ಸರ್ಕಾರದ ಸಂಬಳ, ಊರಲ್ಲಿ ಮರ್ಯಾದೆ ಎರಡೂ ಇದ್ದ ಆ ನೌಕರಿಯನ್ನು ಆತ ಕೆಲವು ವರ್ಷಗಳಲ್ಲೇ ಬಿಟ್ಟುಬಿಟ್ಟ. ಇದು ಆ ಬಾಳಿನ ಮೊದಲನೆಯ ತಿರುವು. ಬಿಟ್ಟು ಹೋದದ್ದು ಇನ್ನೊಂದು ನೌಕರಿಗಲ್ಲ, ಒಬ್ಬ ಗುರುವಿನ ಬಳಿಗೆ.

ಆ ಗುರು ಕಳಸದ ಗೋವಿಂದಭಟ್ಟರು. ಕುಂದಗೋಳ ತಾಲ್ಲೂಕಿನ ಕಳಸ ಗ್ರಾಮದ ಸ್ಮಾರ್ತ ಬ್ರಾಹ್ಮಣರು. ಜಾತಿಯ ಕಟ್ಟಿಗೆ ಒಗ್ಗದ, ಊರವರ ಮಾತಿಗೆ ಸೊಪ್ಪುಹಾಕದ ಸ್ವಭಾವ. ಕೆಳಗಿನವರೆನಿಸಿಕೊಂಡವರ ಜೊತೆ ಕೂಡುವುದು, ಸಿಕ್ಕಲ್ಲಿ ಉಣ್ಣುವುದು, ಮನ ಬಂದಂತೆ ತಿರುಗುವುದು ಅವರ ರೀತಿ. ಮೊದಲ ಭೇಟಿಯಲ್ಲಿ ಭಟ್ಟರು ಶರೀಫರನ್ನು ತಂದೆ ಯಾರೆಂದು ಕೇಳಿದರಂತೆ. ನಿಮ್ಮನ್ನು ಹುಟ್ಟಿಸಿದ ತಂದೆಯೇ ನನಗೂ ತಂದೆ ಎಂಬ ಅರ್ಥದ ಉತ್ತರವನ್ನು ಶರೀಫರು ಕೊಟ್ಟರಂತೆ. ಬೇರೆ ಯಾರಾದರೂ ಆಗಿದ್ದರೆ ಉದ್ಧಟತನವೆಂದು ಸಿಟ್ಟಾಗುತ್ತಿದ್ದರು. ಭಟ್ಟರು ಆ ಮಾತಿನಿಂದಲೇ ಶಿಷ್ಯನನ್ನು ಗುರುತಿಸಿದರು. ಮುಂದೊಂದು ದಿನ ತಮ್ಮ ಜನಿವಾರವನ್ನೇ ತೆಗೆದು ಶರೀಫರ ಕೊರಳಿಗೆ ಹಾಕಿದರೆಂದೂ, ಅದರಿಂದ ಎರಡು ಕಡೆಯವರೂ ಕೆರಳಿದರೆಂದೂ ಐತಿಹ್ಯ. ಇಂಥ ಕಥೆಗಳ ಅಕ್ಷರಾಕ್ಷರವನ್ನು ಒರೆಗೆ ಹಚ್ಚಬೇಕಾಗಿಲ್ಲ. ಗುರುವಿನ ಋಣವನ್ನು ಶಿಷ್ಯ ತನ್ನ ಪದಗಳಲ್ಲಿಯೇ ಮತ್ತೆ ಮತ್ತೆ ಸಾರಿಕೊಂಡಿದ್ದಾನೆ; ಗೋವಿಂದನ ಹೆಸರು ಪರಮಾತ್ಮನ ಹೆಸರೋ ಗುರುವಿನ ಹೆಸರೋ ಎಂಬುದು ಬೇರ್ಪಡಿಸಲಾಗದಂತೆ ಅಲ್ಲಿ ಬೆರೆತುಹೋಗಿದೆ.

ಹಳ್ಳಿಯ ಹಾಡಿನ ಚರಿತ್ರೆಯಲ್ಲಿ ಇಂಥ ಗುರುಶಿಷ್ಯರು ಬೇರೆ ದೇಶಗಳಲ್ಲಿಯೂ ಕಾಣುತ್ತಾರೆ. ಅಮೆರಿಕದ ಹಳ್ಳಿಗಾಡಿನ ಸಂಗೀತದಲ್ಲಿ ಅತ್ಯಂತ ದೊಡ್ಡ ಹೆಸರುಗಳಲ್ಲೊಂದು ಹ್ಯಾಂಕ್ ವಿಲಿಯಮ್ಸನದು. 1923ರಲ್ಲಿ ಹುಟ್ಟಿ 1953ರ ಹೊಸವರ್ಷದ ದಿನ, ಮೂವತ್ತು ತುಂಬುವ ಮೊದಲೇ ತೀರಿಕೊಂಡ ಈ ಬಿಳಿಯ ಗಾಯಕ, ಬಾಲ್ಯದಲ್ಲಿ ವಾದ್ಯದ ಪಾಠ ಕಲಿತದ್ದು ರೂಫಸ್ ಪೇನ್ ಎಂಬ ಕರಿಯ ಬೀದಿಗಾಯಕನಿಂದ. ಬಿಳಿಯರೂ ಕರಿಯರೂ ಒಂದೇ ಬೆಂಚಿನ ಮೇಲೆ ಕೂಡಕೂಡದಿದ್ದ ಅಲಬಾಮ ಸೀಮೆಯಲ್ಲಿ ನಡೆದ ಮಾತಿದು. 1939ರಲ್ಲಿ ತೀರಿಕೊಂಡ ಆ ಗುರುವಿನ ದನಿ ಯಾವ ತಟ್ಟೆಯಲ್ಲಿಯೂ ಉಳಿಯಲಿಲ್ಲ. ಶಿಷ್ಯನ ಹಾಡೇ ಆತನ ಸ್ಮಾರಕ. ಗೋವಿಂದಭಟ್ಟರ ಮಾತೂ ಹೀಗೆಯೇ. ಶರೀಫರು ಹಾಡದೆ ಹೋಗಿದ್ದರೆ ಕಳಸದ ಆಚೆ ಅವರ ಹೆಸರನ್ನು ಯಾರು ಬಲ್ಲವರಾಗುತ್ತಿದ್ದರು? ಸಮಾಜ ಎಳೆದ ಗೆರೆಯನ್ನು ಮೊದಲು ದಾಟುವುದು ಅನೇಕ ವೇಳೆ ಹಾಡುವವರೇ ಎಂಬುದು ಇದರಿಂದ ತಿಳಿಯುತ್ತದೆ.

ಸಂಸಾರ ಶರೀಫರಿಗೆ ಹೆಚ್ಚು ಕಾಲ ಒಲಿಯಲಿಲ್ಲ. ಕುಂದಗೋಳದ ಫಾತಿಮಾ ಎಂಬಾಕೆಯನ್ನು ಮದುವೆಯಾದರು. ಒಂದು ಹೆಣ್ಣುಮಗು ಹುಟ್ಟಿತು. ಮಗುವೂ ಉಳಿಯಲಿಲ್ಲ, ಹೆಂಡತಿಯೂ ಉಳಿಯಲಿಲ್ಲ. ಆಮೇಲೆ ಅವರದು ತಿರುಗಾಟದ ಬಾಳು. ಮಠ, ದರ್ಗಾ, ಜಾತ್ರೆ, ಸಂತೆ, ಕಟ್ಟೆ. ನವಲಗುಂದದ ನಾಗಲಿಂಗಸ್ವಾಮಿ, ಹುಬ್ಬಳ್ಳಿಯ ಸಿದ್ಧಾರೂಢರು ಮುಂತಾದ ಸಮಕಾಲೀನ ಸಾಧಕರೊಡನೆ ಅವರಿಗಿದ್ದ ಒಡನಾಟದ ಕಥೆಗಳನ್ನು ಧಾರವಾಡ ಸೀಮೆಯ ಹಿರಿಯರು ಚಪ್ಪರಿಸಿ ಹೇಳುತ್ತಾರೆ. ಅವರ ಬದುಕಿನ ಉತ್ತರಾರ್ಧದಲ್ಲಿಯೇ 1876ರಿಂದ 1878ರವರೆಗಿನ ಭೀಕರ ಬರಗಾಲ ದಕ್ಷಿಣ ಭಾರತವನ್ನು ಹಾಳುಮಾಡಿತು. ಮಾಳಿಗೆ ಸೋರುವ ಮನೆ, ಮುರಿದ ತೊಲೆ, ಬರಿದಾದ ಅಡಿಗೆಮನೆ ಮುಂತಾದವು ಅವರ ಕಾಲದ ಬಡವನಿಗೆ ಕಾವ್ಯದ ಪ್ರತಿಮೆಗಳಾಗಿರಲಿಲ್ಲ, ದಿನನಿತ್ಯದ ಅನುಭವವಾಗಿದ್ದುವು.

ಶರೀಫರ ಹಾಡಿನ ಹಿರಿಮೆ ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಅವರು ತತ್ತ್ವವನ್ನು ಆಕಾಶದಿಂದ ಇಳಿಸಲಿಲ್ಲ, ಅಂಗಳದಿಂದ ಎತ್ತಿಕೊಂಡರು. ಸೋರುವ ಮಾಳಿಗೆಯನ್ನು ಹಾಡಿದರು. ಕೇಳಿದವನಿಗೆ ಅದು ಅರಿವುಗೆಟ್ಟ ಮನಸ್ಸೆಂದು ಹೊಳೆಯಿತು. ಸಂತೆಯ ದಾರಿಯಲ್ಲಿ ಜಾರುವ ಮುದುಕಿಯನ್ನು ಎಚ್ಚರಿಸಿದರು, ಎಚ್ಚರಗೊಂಡವನು ಕೇಳುಗ. ಕೋಳಿಯೊಂದು ಕೋಡಗವನ್ನು ನುಂಗುವ ಒಗಟಿನ ಪದದಲ್ಲಿ ಲೋಕದ ವ್ಯವಹಾರವನ್ನೆಲ್ಲ ತಲೆಕೆಳಗು ಮಾಡಿ ಮಕ್ಕಳನ್ನು ನಗಿಸಿದರು, ವೇದಾಂತಿಗಳನ್ನು ತಿಣುಕಾಡಿಸಿದರು. ಅಲ್ಲಮನ ಬೆಡಗಿನ ವಚನಗಳನ್ನು ಓದಿದ ನಮ್ಮ ಎಂ.ಎ. ತರಗತಿಯ ವಿದ್ಯಾರ್ಥಿಗೆ ಈ ಜಾಡು ಹೊಸದಲ್ಲ. ಆದರೆ ವಚನದ ಬೆಡಗನ್ನು ಬಿಡಿಸಲು ಟೀಕೆ ಬೇಕು. ಶರೀಫರ ಬೆಡಗಿಗೆ ತಾಳ ಸಾಕು. ತಂಬೂರಿಯ ಶ್ರುತಿಗೆ ದಮ್ಮಡಿ ಬಡಿದು ಹಾಡುವಾಗ ಅರ್ಥವಾಗದ ಮಾತೂ ಮೈಗೆ ಹತ್ತುತ್ತದೆ. ಅರ್ಥ ಹತ್ತು ವರ್ಷಗಳಾದ ಮೇಲೆ ತಾನಾಗಿ ಬಂದರೂ ಆಗುತ್ತದೆ. ನುಡಿಯಾದರೋ ಧಾರವಾಡ ಸೀಮೆಯ ಆಡುಮಾತು. ಗ್ರಂಥಭಾಷೆಯನ್ನು ಬಲ್ಲ ಮಾಸ್ತರನೊಬ್ಬ ಅದನ್ನು ಬದಿಗಿಟ್ಟು ಬೇಕೆಂದೇ ಆರಿಸಿಕೊಂಡ ಮಾತು ಅದು.

ಹಿಂದೂ ದೇವತೆಗಳ ಮೇಲೆ, ಶರಣರ ಮೇಲೆ ಪದ ಕಟ್ಟಿದ ಕೈಯೇ ಮೊಹರಮ್ಮಿಗೆ ರಿವಾಯತಗಳನ್ನೂ ಕಟ್ಟಿತು. ಕರ್ಬಲದ ದುಃಖವನ್ನು ಕನ್ನಡದಲ್ಲಿ ಹಾಡಿ, ಅಲಾವಿಯ ಸುತ್ತ ಹೆಜ್ಜೆ ಹಾಕುವವರ ಬಾಯಿಗೆ ಕೊಟ್ಟರು. ಅರಬ್ಬೀ ಮರುಭೂಮಿಯ ಕಥೆ ಜೋಳದ ಹೊಲದ ಮಾತಿನಲ್ಲಿ ಮೂಡಿತು. ಇದನ್ನು ಸಮನ್ವಯವೆಂಬ ದೊಡ್ಡ ಮಾತಿನಿಂದ ಈಗ ನಾವು ಕರೆಯುತ್ತೇವೆ. ಆ ಹೆಜ್ಜೆಮೇಳದ ರೈತನಿಗೆ ಅದು ವರ್ಷಕ್ಕೊಮ್ಮೆ ಬರುವ ಹಬ್ಬದ ಹಾಡು. ಹೋದ ವರ್ಷ ಹಾಡಿದ್ದೆವು, ಈ ವರ್ಷವೂ ಹಾಡಬೇಕು, ಅಷ್ಟೆ.

ಇನ್ನೊಂದು ಸಂಗತಿ ಚರಿತ್ರೆಯ ವಿದ್ಯಾರ್ಥಿಗಳ ಗಮನಕ್ಕೆ ಬರತಕ್ಕದ್ದಾಗಿದೆ. 1880ರ ದಶಕದಲ್ಲಿ ಹುಬ್ಬಳ್ಳಿಯಲ್ಲಿ ನೂಲಿನ ಗಿರಣಿ ತಲೆಯೆತ್ತಿತು. ಹತ್ತಿ ಬೆಳೆಯುವ ಸೀಮೆಗೆ ಉಗಿಯಂತ್ರ ಬಂದದ್ದು ಸಣ್ಣ ಮಾತಲ್ಲ. ವಯಸ್ಸು ಅರವತ್ತು ದಾಟಿದ ಶರೀಫರು ಗಿರಣಿಯನ್ನೂ ಬಿಡದೆ ಪದ ಕಟ್ಟಿದರು. ಅದರ ವಿಸ್ತಾರವನ್ನು ಶರಣರ ಅನುಭಾವಕ್ಕೆ ಹೊಂದಿಸಿ ಹಾಡಿದರು. ಮಗ್ಗ, ರಾಟೆ, ಒಕ್ಕಲುತನ ಇವು ನಮ್ಮ ಅನುಭಾವದ ಹಾಡುಗಳಲ್ಲಿ ಮೊದಲಿನಿಂದಲೂ ಇದ್ದುವು. ಗಿರಣಿಯನ್ನು ಹಾಡಿದ್ದು ಹೊಸತು. ಹಳ್ಳಿಯ ಹಾಡೆಂದರೆ ಹಳೆಯದನ್ನು ನೆನೆದು ಕೊರಗುವುದು ಎಂಬ ತಪ್ಪು ಅಭಿಪ್ರಾಯಕ್ಕೆ ಈ ಒಂದು ಪದವೇ ಉತ್ತರ. ಊರಿಗೆ ಹೊಸತು ಬಂದರೆ ಅದನ್ನು ನೋಡಲು ಮೊದಲು ಹೋಗಿ ನಿಲ್ಲುವವನೇ ಹಾಡುಗಾರ.

1889ರಲ್ಲಿ ಶರೀಫರು ದೇಹವಿಟ್ಟರು. ಆಗ ಅವರಿಗೆ ಎಪ್ಪತ್ತು ವರ್ಷ. ಹುಟ್ಟಿದ ತಾರೀಖಿನಂದೇ, ಜುಲೈ 3ರಂದೇ, ತೀರಿಕೊಂಡರೆಂದು ಹೇಳುತ್ತಾರೆ. ಅಂತ್ಯಕ್ರಿಯೆಯ ವಿಷಯದಲ್ಲಿ ಜನರಲ್ಲಿ ವಿವಾದವೆದ್ದಿತೆಂದೂ, ಕೊನೆಗೆ ಎರಡು ಸಂಪ್ರದಾಯದವರೂ ತಂತಮ್ಮ ರೀತಿಯ ಪ್ರಾರ್ಥನೆಗಳನ್ನು ಸಲ್ಲಿಸಿ ಒಟ್ಟಿಗೆ ಮಣ್ಣುಮಾಡಿದರೆಂದೂ ಪ್ರತೀತಿ. ಅವರ ಸಮಾಧಿಗೆ ಇಂದಿಗೂ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಕಬೀರನ ದೇಹಕ್ಕಾಗಿ ನಡೆದ ಜಗಳದ ಕಥೆ ವಾಚಕರಿಗೆ ನೆನಪಾಗಬಹುದು. ಅಲ್ಲಿ ಹೊದಿಕೆ ಸರಿಸಿದಾಗ ದೇಹವಿರಲಿಲ್ಲ, ಹೂಗಳಿದ್ದುವು. ಆ ಹೂಗಳನ್ನು ಹಂಚಿಕೊಂಡರು. ಶಿಶುನಾಳದಲ್ಲಿ ಹಂಚಿಕೊಳ್ಳಲಿಲ್ಲ. ಒಂದೇ ಸಮಾಧಿ, ಒಂದೇ ಹಾಡು. ಈ ಭೇದ ಚಿಕ್ಕದಲ್ಲವೆಂದು ನನ್ನ ಭಾವನೆ.

ಇನ್ನು ಹಾಡಿನ ಮುಂದಿನ ಪಯಣ. ಶಿಶುನಾಳ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದು. ನಮ್ಮ ಚನ್ನಗಿರಿ ಸೀಮೆ ಮೈಸೂರು ಸಂಸ್ಥಾನದ ಶಿವಮೊಗ್ಗ ಜಿಲ್ಲೆಯದು. ನಡುವೆ ತುಂಗಭದ್ರೆ. ಆಡಳಿತ ಬೇರೆ, ಕಚೇರಿಯ ರೀತಿ ಬೇರೆ. ಈ ಎರಡು ಸೀಮೆಗಳು ಒಂದೇ ರಾಜ್ಯದ ಕೆಳಗೆ ಕೂಡಿದ್ದು 1956ರ ನವೆಂಬರ್ 1ರಂದು. ಶರೀಫರ ಪದಗಳಾದರೋ ಅದಕ್ಕೆ ಕಾಯಲಿಲ್ಲ. ದನದ ಜಾತ್ರೆಗೆ ಬಂದವರು, ಬೀಗತನ ಬೆಳೆಸಿದವರು, ಊರೂರು ಅಲೆಯುವ ಜೋಗಿ ಜಂಗಮ ಫಕೀರರು ಅವನ್ನು ಹೊಳೆ ದಾಟಿಸಿದರು. ಪುಸ್ತಕ ಕಾಣದ ಮನೆಗಳಿಗೆ ಅವು ಬಂದು ಸೇರಿದುವು. ಕನ್ನಡ ನಾಡಿನ ಏಕೀಕರಣವನ್ನು ಹಾಡು ತನ್ನ ಮಟ್ಟಿಗೆ ಮೊದಲೇ ಮುಗಿಸಿಕೊಂಡಿತ್ತೆಂದರೆ ಅತಿಶಯೋಕ್ತಿಯಾಗಲಾರದು.

ತ್ಯಾವಣಿಗೆಯ ಸುತ್ತಿನ ಹಳ್ಳಿಗಳ ವಿದ್ಯಾರ್ಥಿಗಳಿಗೆ ಕನ್ನಡ ಪಾಠ ಹೇಳುವ ನನಗೆ ಇದರ ಸಾಕ್ಷ್ಯ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಭದ್ರಾ ನಾಲೆಯ ನೀರು ಹರಿದು ಬತ್ತ, ಅಡಿಕೆ ಬೆಳೆಯುವ ಈ ಸೀಮೆಯಲ್ಲಿ ಶ್ರಾವಣ ಸೋಮವಾರಗಳಂದು ಭಜನೆ ಕೂಡುವುದು ವಾಡಿಕೆ. ಯಾರಾದರೂ ತೀರಿಕೊಂಡ ಮನೆಯ ಮುಂದೆ ರಾತ್ರಿಯಿಡೀ ಪದ ಹೇಳುವುದೂ ಉಂಟು. ಅಂಥ ಒಂದು ರಾತ್ರಿ, ತ್ಯಾವಣಿಗೆಗೆ ಸಮೀಪದ ಹಳ್ಳಿಯೊಂದರಲ್ಲಿ, ವಯಸ್ಸಾದ ಒಕ್ಕಲಿಗರೊಬ್ಬರು ಸೋರುವ ಮಾಳಿಗೆಯ ಪದವನ್ನು ಹಾಡಿದ್ದನ್ನು ಕೇಳಿದೆ. ನಾವೆಲ್ಲ ಕೇಳಿಬಲ್ಲ ಧಾಟಿ ಅದಲ್ಲ. ನಿಧಾನವಾದ, ಒಂದೊಂದು ಸಾಲಿನ ಕೊನೆಗೂ ನಿಂತು ಉಸಿರೆಳೆದುಕೊಳ್ಳುವ, ಸಂತೈಸುವಂತಹ ಧಾಟಿ. ಸಾವಿನ ಮನೆಗೆ ತಕ್ಕುದಾಗಿತ್ತು. ಅವರ ಮೊಮ್ಮಗಳು ನನ್ನ ತರಗತಿಯವಳು. ಮರುವಾರ ಅದೇ ಪದವನ್ನು ಹೇಳೆಂದರೆ ಅವಳು ಹೇಳಿದ್ದು ಧ್ವನಿಸುರುಳಿಯ ಧಾಟಿಯಲ್ಲಿ, ಒಂದು ಸ್ವರವೂ ತಪ್ಪದಂತೆ. ಅಜ್ಜನ ಧಾಟಿ ಏಕಲ್ಲವೆಂದು ಕೇಳಿದೆ. ಅದು ಸರಿಯಾದ ಧಾಟಿಯಲ್ಲ ಸಾರ್ ಎಂದಳು.

ಆ ಹುಡುಗಿಯನ್ನು ನಾನು ದೂರಲಾರೆ. ಶರೀಫರ ಪದಗಳು ನಾಡಿಗೆಲ್ಲ ಹರಡಿದ ಕೊನೆಯ ದೊಡ್ಡ ಗಳಿಗೆಯೆಂದರೆ 1980ರ ದಶಕದ ಧ್ವನಿಸುರುಳಿಗಳೇ. ಕವಿ ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರು ಪದಗಳನ್ನು ಆರಿಸಿ ಪರಿಚಯಿಸಿದರು. ಶರೀಫ ಭಟ್ಟರೆಂಬ ಹೆಸರೇ ಅವರಿಗೆ ಅಂಟಿಕೊಂಡಿತು. ಸಿ. ಅಶ್ವತ್ಥರು ರಾಗ ಹಾಕಿ ಎದೆತುಂಬಿ ಹಾಡಿದರು. ಕೋಡಗ ಕೋಳಿಗಳ ಪದವನ್ನು ಶಿವಮೊಗ್ಗ ಸುಬ್ಬಣ್ಣನವರು ಮನೆಮನೆಯ ಮಾತಾಗಿಸಿದರು. 1990ರಲ್ಲಿ ಟಿ. ಎಸ್. ನಾಗಾಭರಣರು ಶರೀಫರ ಬಾಳನ್ನು ಚಲನಚಿತ್ರವಾಗಿಸಿದರು; ಶ್ರೀಧರರು ಶರೀಫರಾಗಿಯೂ, ಗಿರೀಶ ಕಾರ್ನಾಡರು ಗೋವಿಂದಭಟ್ಟರಾಗಿಯೂ ನಟಿಸಿದ ಆ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಬಂದಿತು. ಶರೀಫರಂತೆಯೇ ಅಶ್ವತ್ಥರೂ ಹುಟ್ಟಿದ ತಾರೀಖಿನಂದೇ, 2009ರ ಡಿಸೆಂಬರ್ 29ರಂದು, ತಮ್ಮ ಎಪ್ಪತ್ತು ತುಂಬಿದ ದಿನವೇ ತೀರಿಕೊಂಡದ್ದು ಒಂದು ವಿಚಿತ್ರ ಯೋಗಾಯೋಗ. ಇವರೆಲ್ಲರ ಶ್ರಮವಿಲ್ಲದಿದ್ದರೆ ಬೆಂಗಳೂರಿನ, ಮೈಸೂರಿನ, ಕಡಲಾಚೆಯ ಕನ್ನಡಿಗರ ಮನೆಗಳಲ್ಲಿ ಶಿಶುನಾಳದ ಹೆಸರು ಇಷ್ಟು ಆಪ್ತವಾಗುತ್ತಿರಲಿಲ್ಲ. ಈ ಋಣವನ್ನು ಒಪ್ಪದವನು ಕೃತಘ್ನ.

ಆದರೂ ಅಜ್ಜನ ಧಾಟಿ ತಪ್ಪೆಂದು ಮೊಮ್ಮಗಳು ನಂಬಿದ ಗಳಿಗೆಯಲ್ಲಿ ಏನೋ ಒಂದು ಕಳೆದುಹೋಗುತ್ತದೆ. ಯಂತ್ರಕ್ಕೆ ಇಳಿದ ಹಾಡಿಗೆ ಒಂದೇ ರೂಪ. ಬಾಯಿಂದ ಬಾಯಿಗೆ ಬಂದ ಹಾಡಿಗೆ ಊರಿಗೊಂದು ರೂಪ: ಮೊಹರಮ್ಮಿನಲ್ಲಿ ಕುಣಿಯಲು ಒಂದು, ಭಜನೆಯಲ್ಲಿ ತೂಗಾಡಲು ಒಂದು, ಸಾವಿನ ಮನೆಯಲ್ಲಿ ಸಂತೈಸಲು ಒಂದು. ಶರೀಫರು ಸ್ವತಃ ಯಾವ ಧಾಟಿಯಲ್ಲಿ ಹಾಡಿದರೆಂದು ಹೇಳಬಲ್ಲ ತಟ್ಟೆಯಿಲ್ಲ. ಹಾಗಿರುವಾಗ ಹಳ್ಳಿಯ ಈ ಹಲವು ಧಾಟಿಗಳಲ್ಲಿ ಒಂದಲ್ಲ ಒಂದು ಅವರ ಕಂಠಕ್ಕೆ ಹತ್ತಿರವಾದದ್ದಿರಬಹುದು. ಗುರುವಿನಿಂದ ಶಿಷ್ಯನಿಗೆ, ತಂದೆಯಿಂದ ಮಗನಿಗೆ ನೂರಕ್ಕೆ ಮೀರಿದ ವರ್ಷ ನಡೆದು ಬಂದ ಆ ಜಾಡನ್ನು ನಮ್ಮ ಕಾಲದಲ್ಲಿ ಕಡಿದುಹಾಕುವುದು ನ್ಯಾಯವೇ?

ಮಾಡಬೇಕಾದುದು ಬಹಳ ಕಷ್ಟದ ಕೆಲಸವಲ್ಲ. ಈಗ ಹಳ್ಳಿಯ ಪ್ರತಿಯೊಬ್ಬ ವಿದ್ಯಾರ್ಥಿಯ ಜೇಬಿನಲ್ಲಿಯೂ ಧ್ವನಿಯನ್ನು ಹಿಡಿದಿಡುವ ಸಾಧನವಿದೆ. ರಾಲ್ಫ್ ಪೀರ್ ಗಾಡಿಯಲ್ಲಿ ಹೊತ್ತು ತಂದ ಯಂತ್ರ ಇವರ ಮೊಬೈಲಿನೊಳಗೆ ಅಡಗಿದೆ. ನನ್ನ ತರಗತಿಯವರಿಗೆ ಈ ವರ್ಷ ನಾನು ಬೇರೆ ಪ್ರಬಂಧವನ್ನು ಬರೆಯಲು ಹೇಳಲಿಲ್ಲ. ತಮ್ಮ ಊರಿನ ಹಿರಿಯರೊಬ್ಬರ ಬಾಯಿಂದ ಶರೀಫರ ಒಂದು ಪದವನ್ನು ಹಾಡಿಸಿ ಮುದ್ರಿಸಿಕೊಂಡು, ಯಾವ ಸಂದರ್ಭದಲ್ಲಿ ಅದನ್ನು ಹಾಡುವರು, ಯಾರಿಂದ ಕಲಿತರು ಎಂಬುದನ್ನು ಬರೆದು ತರಬೇಕೆಂದು ಹೇಳಿದೆ. ಹನ್ನೊಂದು ಮಂದಿ ತಂದಿದ್ದಾರೆ. ಒಂದೇ ಪದ ಮೂರು ಊರುಗಳಿಂದ ಮೂರು ಧಾಟಿಯಲ್ಲಿ ಬಂದಿದೆ. ಅವುಗಳಲ್ಲಿ ಒಂದು, ಆ ಮೊಮ್ಮಗಳು ತಂದದ್ದು. ಅಜ್ಜ ಹಾಡಿ ಮುಗಿಸಿದ ಮೇಲೆ ಅವಳೂ ಅದೇ ಧಾಟಿಯಲ್ಲಿ ಅವರ ಹಿಂದೆ ಒಂದು ಸಲ ಹೇಳಿದ್ದಾಳೆ. ಉಳಿದ ಕಾಲೇಜುಗಳ ಅಧ್ಯಾಪಕ ಮಿತ್ರರೂ ತಮ್ಮ ತಮ್ಮ ಸೀಮೆಯಲ್ಲಿ ಇದನ್ನು ಮಾಡಿಸುವರೆಂದು ಆಶಿಸುತ್ತೇನೆ.